ಅಡಿಕೆ ಅಂಗಳಕ್ಕೆ ಬರುವ ಹೊತ್ತಿಗೆ ವಿಶೇಷಾಂಕವೂ ಬರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಈಚೆಗೆ ಮೆಚ್ಚಿದ ಪುಸ್ತಕ ಮತ್ತು ಸಿನಿಮಾಗಳ ಕುರಿತು ಓದುಗರು ಬರೆದ ಟಿಪ್ಪಣಿಗಳನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಆಸಕ್ತಿಯಿಂದ ಓದಿದೆ. ಬರೆದವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನ ಕಡೆಯವರು. ಪುಸ್ತಕ ಬಿಡುಗಡೆಯಾದ ವಾರದಲ್ಲೇ ಕೊಂಡು ಓದಿದವರು, ಚಿತ್ರ ತೆರೆಗೆ ಬಂದ ದಿನವೇ ನೋಡಿದವರು. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಕಾಸರಗೋಡಿನಂಥ ಗಡಿನಾಡಿನಲ್ಲಿ ಯಾವುದನ್ನು ಮೆಚ್ಚಿದಿರಿ ಎಂದು ಕೇಳುವ ಮೊದಲು ಯಾವುದು ನಿಮ್ಮ ಕೈಗೆ ಬಂತು, ಯಾವಾಗ ಬಂತು ಎಂದು ಕೇಳಬೇಕಾಗುತ್ತದೆ. ಆ ಬಗ್ಗೆ ನಾಲ್ಕು ಮಾತು ಬರೆಯಲು ಅವಕಾಶ ಕೊಡಬೇಕಾಗಿ ಕೋರುತ್ತೇನೆ.

ನಮ್ಮ ಕಡೆ ಓದಿಗೂ ಒಂದು ಋತುವಿದೆ. ಮಳೆಗಾಲದಲ್ಲಿ ಪುರುಸೊತ್ತು ಇರುತ್ತದೆಂದು ಹೊರಗಿನವರು ಭಾವಿಸುವುದುಂಟು. ಆದರೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಮಳೆ ಯಾವಾಗ ಹೊಳವಾಗುತ್ತದೆಂದು ಕಾಯುವ ಮನೆಯಲ್ಲಿ, ಎರಡು ದಿನಕ್ಕೊಮ್ಮೆ ಕರೆಂಟು ಹೋಗಿ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುವ ದಿನಗಳಲ್ಲಿ, ಕಾದಂಬರಿ ಹಿಡಿದು ಕೂರುವ ಮನಸ್ಸು ಯಾರಿಗೂ ಬರುವುದಿಲ್ಲ. ಬೇಸಗೆಯ ರಾತ್ರಿಗಳು ಯಕ್ಷಗಾನ, ಜಾತ್ರೆ, ಭೂತಕೋಲಗಳಲ್ಲಿ ಕಳೆದುಹೋಗುತ್ತವೆ. ಇವೆರಡರ ನಡುವೆ ಉಳಿಯುವುದು ನವರಾತ್ರಿಯಿಂದ ತುಳಸಿ ಪೂಜೆಯವರೆಗಿನ ಶರದೃತು, ತುಳುವರು ಬೊಂತೆಲ್ ಎನ್ನುವ ತುಲಾ ಮಾಸದ ಆಸುಪಾಸು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ಸಾಮಾನ್ಯವಾಗಿ ನವೆಂಬರಿನಲ್ಲಿ. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ನಡೆಯುವ ತಾಳಮದ್ದಳೆಯನ್ನು ಬಿಟ್ಟರೆ ರಾತ್ರಿಗಳು ನಮ್ಮವೇ.

ಹಗಲಿನ ಓದಿನ ರೀತಿಯೇ ಬೇರೆ. ಮೊದಲ ಕೊಯ್ಲಿನ ಹಣ್ಣಡಿಕೆ ಅಂಗಳಕ್ಕೆ ಬಂದಿರುತ್ತದೆ, ಬೆಳಗ್ಗಿನ ಬಿಸಿಲು ಚುರುಕಾಗಿರುತ್ತದೆ, ಮಧ್ಯಾಹ್ನ ಕಳೆಯುತ್ತಲೇ ಮೂಡಣ ಗುಡ್ಡದ ಮೇಲೆ ಮೋಡ ಕಟ್ಟಿ ತುಲಾ ಮಳೆಯ ಗುಡುಗು ಶುರುವಾಗುತ್ತದೆ. ಹಣ್ಣಡಿಕೆ ಚಾಲಿಯಾಗಲು, ಎಂದರೆ ಮಾರುವ ಒಣ ಅಡಿಕೆಯಾಗಲು, ನಲವತ್ತು ದಿನಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಬೇಕು. ನಡುವೆ ಒಂದು ಮಳೆಗೆ ಸಿಕ್ಕಿತೋ, ಬಣ್ಣ ಕೆಟ್ಟು ದರ ಇಳಿಯಿತೆಂದೇ ಲೆಕ್ಕ. ಆದ್ದರಿಂದ ಮನೆಯಲ್ಲಿ ಒಬ್ಬರು ಜಗಲಿಯ ಮೇಲೆ ಕಾವಲಿಗೆ ಕೂರಲೇಬೇಕು. ಆ ಒಬ್ಬರು ಬಹುಕಾಲದಿಂದ ನಾನೇ. ಒಂದು ಕಣ್ಣು ಪುಟದ ಮೇಲೆ, ಇನ್ನೊಂದು ಆಕಾಶದ ಮೇಲೆ. ಮೊದಲ ಹನಿ ಬಿದ್ದಾಗ ಪುಸ್ತಕವನ್ನು ಕವುಚಿ ಹಾಕಿ ಪ್ಲಾಸ್ಟಿಕ್ ಶೀಟಿನ ತುದಿ ಹಿಡಿಯಲು ಓಡುವುದು. ಅಡಿಕೆ ಒಣಗಿಸಲು ಪಾರದರ್ಶಕ ಶೀಟಿನ ಮನೆ ಕಟ್ಟಿಸಿಕೊಂಡವರಿಗೆ ಈಗ ಈ ಕಾಟವಿಲ್ಲ, ಆದರೆ ಅವರು ಹೆಚ್ಚು ಓದುತ್ತಿದ್ದಾರೆಂದು ನನಗೇನೂ ಅನ್ನಿಸಿಲ್ಲ.

ನವರಾತ್ರಿಯ ಕೊನೆಯಲ್ಲಿ ಮಕ್ಕಳ ಪುಸ್ತಕಗಳನ್ನೆಲ್ಲ ಶಾರದಾ ಪೂಜೆಗೆ ಇಡುತ್ತೇವೆ. ವಿಜಯದಶಮಿಯ ದಿನ ತೆಗೆಯುವವರೆಗೆ ಅವುಗಳನ್ನು ಮುಟ್ಟುವಂತಿಲ್ಲ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ವ್ರತ ಇನ್ನೊಂದಿಲ್ಲ. ಅರ್ಧ ಓದಿದ ಕಾದಂಬರಿಯನ್ನು ಆ ರಾಶಿಗೆ ಸೇರಿಸದೆ ದಿಂಬಿನ ಅಡಿಯಲ್ಲಿ ಉಳಿಸಿಕೊಳ್ಳುವ ದೊಡ್ಡವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಿದರೆ ಶಾರದೆ ಮುನಿಯಲಾರಳೆಂದು ನಂಬಿದ್ದೇನೆ.

ಕಳೆದ ವರ್ಷ ಹಾಗೆ ಉಳಿಸಿಕೊಂಡದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯನ್ನು ಹಿಂದೆಯೂ ಓದಿದ್ದೆ; ಆಗ ತಂದೆಯ ಹಟಕ್ಕೆ ಸಿಕ್ಕಿ ಸಂಸಾರ ಕಳೆದುಕೊಂಡ ನಾದಿರಾಳ ದುಃಖವಷ್ಟೇ ಕಂಡಿತ್ತು. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆಗಳ ಒಳಗಿನ ಬದುಕು. ಚಂದ್ರಗಿರಿ ಹೊಳೆಯ ಇಕ್ಕೆಲಗಳಲ್ಲಿ ನಿತ್ಯ ನಾವು ಹಾದುಹೋಗುವ ಮನೆಗಳಲ್ಲಿ ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಏನು ಮಾತಾಡಿಕೊಳ್ಳುತ್ತಾರೆಂಬುದನ್ನು, ಕಾಸರಗೋಡಿನಲ್ಲೇ ಹುಟ್ಟಿ ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತ ಲೇಖಕಿಯೊಬ್ಬರು ಕನ್ನಡದ ಓದುಗರಿಗೆ ಕೇಳಿಸಿದರು. ನಮ್ಮಲ್ಲಿ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ ಎಂದು ಮನೆಗೊಂದು. ಪತ್ರಿಕೆ ಓದುವಾಗ, ಕತೆ ಬರೆಯುವಾಗ ಅವರಲ್ಲಿ ಎಷ್ಟೋ ಮಂದಿ ಕನ್ನಡಕ್ಕೆ ಬರುತ್ತಾರೆ. ಇಂಥ ಕನ್ನಡವನ್ನು ಗಡಿ ಸಮಸ್ಯೆಯೆಂಬ ಒಂದೇ ತಲೆಬರಹದ ಅಡಿಯಲ್ಲಿ ನೋಡುವ ನಮ್ಮ ವಿಮರ್ಶೆಯ ಅಭ್ಯಾಸ ನನಗೆ ಒಪ್ಪಿಗೆಯಾಗುವುದಿಲ್ಲ.

ಸಿನಿಮಾದ ವಿಷಯಕ್ಕೆ ಬಂದರೆ, ಹೊಸ ಕನ್ನಡ ಚಿತ್ರವನ್ನು ಚಿತ್ರಮಂದಿರದಲ್ಲೇ ನೋಡಬೇಕೆನ್ನುವವರು ಇಲ್ಲಿಂದ ಮಂಗಳೂರಿನ ಬಸ್ಸು ಹತ್ತುವುದೇ ವಾಡಿಕೆ, ಉಳಿದವರಿಗೆ ಟಿ.ವಿ.ಯೇ ಗತಿ. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ತೆರೆಗೆ ಬಂದಿತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಆದರೆ ನಾವು ನೆರೆಕರೆಯವರೆಲ್ಲ ಸೇರಿ ಅದನ್ನು ನೋಡಿದ್ದು ಬಹಳ ತಡವಾಗಿ, ಒಂದು ದೀಪಾವಳಿಯ ರಜೆಯಲ್ಲಿ, ಗೋಪೂಜೆಯ ಮರುದಿನ. ಅನಂತನಾಗ್ ಅವರು ನ್ಯಾಯಾಲಯದಲ್ಲಿ ವಾದಿಸುವ ದೃಶ್ಯಕ್ಕೆ ಎಲ್ಲೆಡೆ ಚಪ್ಪಾಳೆ ಬಿದ್ದಿದೆ. ನಮ್ಮ ಚಾವಡಿಯಲ್ಲೂ ಬಿತ್ತು. ನನಗೆ ಮಾತ್ರ ಅದು ಚಿತ್ರದ ಸುಲಭವಾದ ಭಾಗವೆಂದೇ ತೋರಿತು. ಕನ್ನಡ ಬಾರದ ಅಧ್ಯಾಪಕರೊಬ್ಬರು ಕನ್ನಡ ಶಾಲೆಗೆ ನೇಮಕಗೊಂಡು ಮಕ್ಕಳ ಮುಂದೆ ಬಂದು ನಿಲ್ಲುವ ಸನ್ನಿವೇಶಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರೆ ಹಿರಿಯರು ನಗಲಿಲ್ಲ, ಏಕೆಂದರೆ ಅಂಥ ನೇಮಕಾತಿಯ ವಿರುದ್ಧ ಹೆತ್ತವರು ಬೀದಿಗಿಳಿದದ್ದನ್ನು ಅವರು ಇದೇ ಜಿಲ್ಲೆಯಲ್ಲಿ ಕಂಡವರು.

ಇನ್ನು ನನ್ನ ಮುಖ್ಯ ಅಹವಾಲು. ಈ ಋತುವಿನ ಓದಿಗೆ ಕಳೆ ಕಟ್ಟುವುದು ದೀಪಾವಳಿ ವಿಶೇಷಾಂಕಗಳು. ಒಂದು ಪ್ರತಿ ಬಂದರೆ ಅದು ನಾಲ್ಕಾರು ಮನೆ ಸುತ್ತಿ, ರಕ್ಷಾಪುಟ ಕಳಚಿಕೊಂಡು, ಪದಬಂಧವನ್ನು ಯಾರೋ ಪೆನ್ನಿನಿಂದಲೇ ತುಂಬಿಸಿದ ಸ್ಥಿತಿಯಲ್ಲಿ ಹಿಂತಿರುಗುತ್ತದೆ. ಕಳೆದ ವರ್ಷ ನಾವು ಮುಂಗಡ ಹಣ ಕೊಟ್ಟು ಹೇಳಿಟ್ಟ ವಿಶೇಷಾಂಕ (ಅದು ಯಾವುದೆಂದು ಇಲ್ಲಿ ಹೇಳುವುದು ಬೇಡ) ಕೈಸೇರಿದ್ದು ತುಳಸಿ ಪೂಜೆಯೂ ಮುಗಿದ ಮೇಲೆ. ವಿಚಾರಿಸಿದರೆ ಕೇರಳಕ್ಕೆ ಹೋಗುವ ಕಟ್ಟು ಕೊನೆಗೆ ಹೊರಡುತ್ತದೆಂಬ ಉತ್ತರ ಬಂತು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿ 1956ರ ನವೆಂಬರ್ 1ರಂದು ಎಳೆದ ಗೆರೆ ಅಂಚೆಯ ಕಟ್ಟಿಗೂ ಅನ್ವಯವಾಗುತ್ತದೆಂದು ನಾವು ತಿಳಿದಿರಲಿಲ್ಲ! ಮಂಗಳೂರಿನಿಂದ ಕಾಸರಗೋಡು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ.

ಗ್ರಂಥಾಲಯಗಳ ಮಟ್ಟಿಗೆ ಕೇರಳದಲ್ಲಿರುವುದು ನಮ್ಮ ಭಾಗ್ಯವೇ ಸರಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಆರಂಭಿಸಿದ ಗ್ರಂಥಾಲಯ ಚಳವಳಿಯ ಫಲವಾಗಿ ಇಲ್ಲಿಯ ಸಣ್ಣ ಊರುಗಳಲ್ಲೂ ವಾಚನಾಲಯಗಳಿವೆ. ನಮ್ಮೂರಿನದರಲ್ಲಿ ಕನ್ನಡಕ್ಕೆಂದು ಒಂದು ಕಪಾಟು ಇದೆ. ಅದರಲ್ಲಿರುವ ಬಹುಪಾಲು ಪುಸ್ತಕಗಳು ನಿವೃತ್ತ ಅಧ್ಯಾಪಕರು ಮನೆ ಖಾಲಿ ಮಾಡುವಾಗ ಕೊಟ್ಟವು. ಹೊಸ ಕನ್ನಡ ಪುಸ್ತಕ ತರಿಸುವಂತೆ ಕೇಳಿದರೆ, ಹೆಸರು, ಪ್ರಕಾಶಕರು, ಬೆಲೆ ಬರೆದುಕೊಡಿ ಎನ್ನುತ್ತಾರೆ, ನ್ಯಾಯವಾದ ಮಾತು. ಆ ವಿವರಗಳನ್ನು ಹುಡುಕಿ ನಿಮ್ಮ ಪುರವಣಿ ತೆರೆದರೆ ಹೆಸರಿರುತ್ತದೆ, ಮುಖಪುಟದ ಚಿತ್ರವಿರುತ್ತದೆ, ಬೆಲೆ ಒಮ್ಮೊಮ್ಮೆ ಇರುತ್ತದೆ, ಪ್ರಕಾಶಕರ ವಿಳಾಸ ಇರುವುದೇ ಇಲ್ಲ.

ಆದ್ದರಿಂದ ಪುಸ್ತಕ ಪರಿಚಯದ ಕೊನೆಯಲ್ಲಿ ಬೆಲೆಯನ್ನೂ, ಅಂಚೆಯಲ್ಲಿ ತರಿಸಿಕೊಳ್ಳುವ ವಿಳಾಸವನ್ನೂ, ಸಿನಿಮಾ ಪುಟದಲ್ಲಿ ಆ ಚಿತ್ರ ಟಿ.ವಿ.ಯಲ್ಲಿ ಯಾವಾಗ ಬರುತ್ತದೆಂಬುದನ್ನೂ ತಪ್ಪದೆ ಮುದ್ರಿಸಬೇಕಾಗಿಯೂ, ಈ ಬಾರಿಯ ನಿಮ್ಮ ವಿಶೇಷಾಂಕದ ಕಾಸರಗೋಡಿನ ಕಟ್ಟನ್ನು ಮಂಗಳೂರಿನ ಕಟ್ಟಿನ ಜೊತೆಗೇ ಕಳುಹಿಸಬೇಕಾಗಿಯೂ ವಿನಂತಿಸುತ್ತೇನೆ. ನಮ್ಮ ಏಜೆಂಟರಲ್ಲಿ ಮುಂಗಡ ಹಣವನ್ನು ಈಗಾಗಲೇ ಕೊಟ್ಟಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕಿ
ಪೆರ್ಲ, ಕಾಸರಗೋಡು ಜಿಲ್ಲೆ