ಹರಡುವ ಗೆಡ್ಡೆ ಯಾವುದೆಂಬುದೂ ತಿಳಿಯಬೇಕು

ಮಾನ್ಯ ಸಂಪಾದಕರೇ,

ಒಂದೇ ರಕ್ತಪರೀಕ್ಷೆಯಲ್ಲಿ ಹತ್ತಾರು ಬಗೆಯ ಕ್ಯಾನ್ಸರ್‌ಗಳನ್ನು ಪತ್ತೆ ಮಾಡಬಹುದೆಂಬ ಸುದ್ದಿಗಳು ಈಚೆಗೆ ಮತ್ತೆ ಮತ್ತೆ ಪ್ರಕಟವಾಗುತ್ತಿವೆ. ಅಂಥ ಸುದ್ದಿ ಬಂದಾಗಲೆಲ್ಲ, ಪತ್ತೆಯಾದ ಗೆಡ್ಡೆ ಹರಡುವ ಜಾತಿಯದೇ ಎಂಬುದನ್ನು ಆ ಪರೀಕ್ಷೆ ಹೇಳಬಲ್ಲದೇ ಎಂದೂ ಪತ್ರಿಕೆಗಳು ಕೇಳಬೇಕೆಂಬುದು ನನ್ನ ಕೋರಿಕೆ.

ಕ್ಯಾನ್ಸರ್‌ನಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣ, ರೋಗ ಹುಟ್ಟಿದ ಜಾಗ ಬಿಟ್ಟು ಬೇರೆ ಅಂಗಗಳಿಗೆ ಹರಡುವುದೇ ಆಗಿದೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಇ-ಕ್ಯಾಡೆರಿನ್ ಎಂಬ ಪ್ರೋಟೀನ್ ಅನೇಕ ಗೆಡ್ಡೆಗಳಲ್ಲಿ ಕ್ಷೀಣಿಸುತ್ತದೆ. ಹಿಡಿತ ಸಡಿಲಗೊಂಡ ಕೋಶ ಸುತ್ತಲಿನ ಅಂಗಾಂಶವನ್ನು ಕರಗಿಸಿ ದಾರಿ ಮಾಡಿಕೊಂಡು, ತನಗಿಂತ ಕಿರಿದಾದ ರಕ್ತನಾಳದೊಳಗೂ ಮೈ ಹಿಂಡಿಕೊಂಡು ನುಸುಳುತ್ತದೆ. ಹೀಗೆ ಹೊರಟವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ದಾರಿಯಲ್ಲೇ ಸಾಯುತ್ತವೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗ ಯಕೃತ್ತಿಗೆ ಹರಡಿದಷ್ಟು ಗುಲ್ಮಕ್ಕೆ ಹರಡಿಲ್ಲವೆಂದು ಕಂಡು, ಕ್ಯಾನ್ಸರ್ ಕೋಶವೆಂಬ ಬೀಜ ಮೊಳೆಯಲು ಅದಕ್ಕೆ ಒಗ್ಗುವ ಅಂಗವೆಂಬ ನೆಲವೂ ಬೇಕೆಂದು 1889ರಷ್ಟು ಹಿಂದೆಯೇ ಬರೆದಿದ್ದರು. ಆ ನೆಲದ ಗುಣವನ್ನು ಅಣುಗಳ ಮಟ್ಟದಲ್ಲಿ ಅರಿಯುವ ಕೆಲಸ ಇಂದಿಗೂ ನಡೆದೇ ಇದೆ.

ಇಂಥ ಅನೇಕ ಪರೀಕ್ಷೆಗಳು ರಕ್ತದಲ್ಲಿ ಹುಡುಕುವುದು ಗೆಡ್ಡೆಯಿಂದ ಬಂದ ಡಿಎನ್‌ಎ ತುಣುಕುಗಳನ್ನು. ಆ ಪತ್ತೆಯ ಕಷ್ಟವೂ ಸಣ್ಣದಲ್ಲ. ರೋಗದ ಆರಂಭದಲ್ಲಿ ಒಂದು ಕೊಳವೆ ರಕ್ತದೊಳಗೆ, ಆರೋಗ್ಯವಂತ ಕೋಶಗಳಿಂದ ಬಂದ ಒಂದು ಜೀನಿನ ಸಾವಿರಾರು ಪ್ರತಿಗಳ ನಡುವೆ, ಗೆಡ್ಡೆಯ ಡಿಎನ್‌ಎ ತುಣುಕು ಒಂದೋ ಎರಡೋ ಸಿಗಬಹುದು, ಸಿಗದೆಯೂ ಹೋಗಬಹುದು.

ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಅಂಡಾಶಯದ ಕ್ಯಾನ್ಸರ್ ತಪಾಸಣಾ ಅಧ್ಯಯನದ 2021ರ ಫಲಿತಾಂಶ ನನ್ನನ್ನು ಬಹಳವಾಗಿ ಕಾಡಿದೆ. ಸಿಎ-125 ಎಂಬ ಪ್ರೋಟೀನಿನ ಮಟ್ಟ ಅಳೆಯುವ ರಕ್ತಪರೀಕ್ಷೆಗೆ ವರ್ಷಕ್ಕೊಮ್ಮೆ ಒಳಗಾದವರಲ್ಲಿ, ತಪಾಸಣೆಯಿಲ್ಲದವರಿಗಿಂತ ಹೆಚ್ಚು ಮಂದಿಗೆ ರೋಗ ಮೊದಲ ಹಂತಗಳಲ್ಲೇ ಪತ್ತೆಯಾಯಿತು. ಆದರೂ ಅದರಿಂದಾಗುವ ಸಾವುಗಳು ಗಮನಾರ್ಹವಾಗಿ ಇಳಿಯಲಿಲ್ಲ. ವರ್ಷಗಟ್ಟಲೆ ತೋಳು ಚಾಚಿ ರಕ್ತ ಕೊಟ್ಟ ಆ ಮಹಿಳೆಯರಿಂದ ತಿಳಿದುಬಂದ ಕಹಿ ಸತ್ಯವಿದು. ಹೊಸ ಪರೀಕ್ಷೆಯ ಉತ್ಸಾಹದಲ್ಲಿ ಇದನ್ನು ಮರೆತರೆ ಅವರಿಗೆ ಅನ್ಯಾಯ ಮಾಡಿದಂತೆ.

ಇದನ್ನೋದಿ ಯಾರೂ ತಪಾಸಣೆಯಿಂದ ಹಿಂದೆ ಸರಿಯಬಾರದು. ಗರ್ಭಕಂಠದ ತಪಾಸಣೆ ಅಸಂಖ್ಯ ಜೀವಗಳನ್ನು ಉಳಿಸಿದೆ, ಏಕೆಂದರೆ ಅಲ್ಲಿ ಕೋಶಗಳು ಕ್ಯಾನ್ಸರ್ ಆಗಿ ಒಳನುಗ್ಗುವ ಮುನ್ನವೇ ಅವನ್ನು ಗುರುತಿಸಿ ತೆಗೆಯಲು ಸಾಧ್ಯವಿದೆ. ರಕ್ತಪರೀಕ್ಷೆಗಳ ಬಗ್ಗೆ ಬರೆಯುವಾಗಲೂ, ಮೊದಲ ಹಂತದ ರೋಗಿಗಳಲ್ಲಿ ಎಷ್ಟು ಮಂದಿಯನ್ನು ಅದು ಗುರುತಿಸಿತು, ರೋಗವಿಲ್ಲದ ಎಷ್ಟು ಮಂದಿಗೆ ಇದೆಯೆಂದು ಹೇಳಿತು, ಸಾವು ಕಡಿಮೆಯಾದದ್ದಕ್ಕೆ ಪುರಾವೆಯಿದೆಯೇ ಎಂಬುದನ್ನು ತಾವು ಅದೇ ವರದಿಯಲ್ಲಿ ದಯವಿಟ್ಟು ಪ್ರಕಟಿಸಬೇಕು.

ಇತಿ,
ತಮ್ಮ ಪತ್ರಿಕೆಯ ಓದುಗ