ವಿಷಯ: ನಮ್ಮ ಡೈರಿ ಸೈರನ್ ನಿಮ್ಮ ಆಫೀಸಿಂದ ಆಫ್ ಆಗಿದ್ದರ ಬಗ್ಗೆ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ತೀರ್ಥಹಳ್ಳಿ ತಾಲೂಕಿನ ಹಾಲಿನ ಡೈರಿ ಸೆಕ್ರೆಟರಿ ನಾನು. ಮಾರ್ಚಲ್ಲಿ ನಮ್ಮ ಬಿಎಂಸಿಗೆ, ಅಂದ್ರೆ ಹಾಲು ತಣ್ಣಗಿಡೋ ದೊಡ್ಡ ಟ್ಯಾಂಕಿಗೆ, ಟೆಂಪರೇಚರ್ ನೋಡೋ ಬಾಕ್ಸ್ ಕೂರಿಸಿ ಹೋಗಿದ್ರಲ್ಲ, ಅದೇ ಊರು. ಜುಲೈ 14ರ ರಾತ್ರಿ 612 ಲೀಟರ್ ಹಾಲು ಕೆಟ್ಟೋಯ್ತು ಅಂತ ಕಂಪ್ಲೇಂಟ್ ಕೊಟ್ಟಿದ್ದೆ, ಒಂಬತ್ತು ದಿನ ಬಿಟ್ಟು ನಿಮ್ಮ ಮೇಲ್ ಬಂತು, ಎರಡೇ ಸಾಲು. ಸಿಸ್ಟಂ ಸೆಟ್ಟಿಂಗ್ ಪ್ರಕಾರವೇ ಕೆಲ್ಸ ಮಾಡಿದೆ, ಅಲಾರಂ ಬಂದಿದೆ, ಅಕ್ನಾಲೆಜ್ (ಅಲಾರಂ ನೋಡಿದ್ವಿ ಅಂತ ಒತ್ತೋದು) ಆಗಿದೆ, ಟಿಕೆಟ್ ಕ್ಲೋಸ್ ಅಂತ. ನಂಗೆ ಸಿಟ್ಟು ಬಂದಿದ್ದು ಎಂತಕ್ಕೆ ಅಂದ್ರೆ ಅದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಸೆಟ್ಟಿಂಗ್ ಮಾಡಿದ್ದು ನೀವೇ, ಅಕ್ನಾಲೆಜ್ ಮಾಡಿದ್ದೂ ನೀವೇ.

ಅವತ್ತು ಆಗಿದ್ದು ಹೇಳ್ತೀನಿ. ಪುನರ್ವಸು ಮಳೆ, ಹೊರಗೆ ಕಾಲಿಡೋ ಹಂಗಿಲ್ಲ. ಸಂಜೆ ಐದೂವರೆಯಿಂದ ಏಳರ ತನಕ ಜನ ಹಾಲು ಹಾಕಿದ್ರು, ಕಂಪ್ರೆಸರ್ ಓಡ್ತಿತ್ತು, ನಾನು ಬೀಗ ಹಾಕಿ ಮನೆಗೆ ಬಂದೆ. 7:20ರ ಸುಮಾರಿಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದು ಮೂರು ಫೇಸಲ್ಲಿ ಒಂದು ಹೋಯ್ತು. ಒಂದು ಫೇಸ್ ಹೋದ್ರೆ ಮೋಟರ್ ಸುಡದಂಗೆ ನಿಲ್ಸೋ ಸಿಂಗಲ್ ಫೇಸ್ ಪ್ರಿವೆಂಟರ್ ಕಂಪ್ರೆಸರ್ ಟ್ರಿಪ್ ಮಾಡ್ತು, ಅದರ ಕೆಲ್ಸ ಅದು ಮಾಡ್ತು. ಆದ್ರೆ ಡೈರಿ ಲೈಟು, ನಿಮ್ಮ ಬಾಕ್ಸು ಎರಡೂ ಬೇರೆ ಫೇಸಲ್ಲಿ ಇದ್ದಿದ್ರಿಂದ ಉರೀತಾನೇ ಇತ್ತು, ಮನೆ ಜಗುಲಿಯಿಂದ ನೋಡಿದ್ರೆ ಎಲ್ಲಾ ಸರಿ ಇದ್ದಂಗೇ ಕಾಣ್ತಿತ್ತು. ಎಂಟು ಗಂಟೆಗೆ ಆಪ್ ತೆಗೆದೆ, 24 ಡಿಗ್ರಿ ತೋರಿಸ್ತು. ಈಗಷ್ಟೇ ಹಾಕಿದ ಹಾಲಲ್ವಾ, ಇಳಿಯುತ್ತೆ ಬಿಡು ಅಂತ ಊಟ ಮಾಡಿ ಮಲಗಿದೆ. ಅದು ನನ್ನ ತಪ್ಪು, ಒಪ್ಕೋತೀನಿ. ಹಿಂಗೆ ನಿದ್ದೆ ಮಾಡ್ತೀವಿ ಅಂತಾನೇ ಅಲ್ವಾ ಸರ್ ದುಡ್ಡು ಕೊಟ್ಟು ಸೈರನ್ ಹಾಕ್ಸಿದ್ದು.

ಬೆಳಿಗ್ಗೆ ಐದೂವರೆಗೆ ಬಾಗ್ಲು ತೆಗೆದ್ರೆ ವಾಸನೆಗೇ ಗೊತ್ತಾಯ್ತು. ಪ್ಯಾನೆಲ್ ಮೇಲೆ ಪ್ರಿವೆಂಟರಿನ ಕೆಂಪು ಲೈಟು. ಟ್ಯಾಂಕರಿನವರು ಟ್ಯೂಬಲ್ಲಿ ಚೂರು ಹಾಲು ಹಾಕಿ ಕುದಿಸಿದ್ರು, ಪಟ್ಟಂತ ಒಡೆದು ತಳದಲ್ಲಿ ಗಡ್ಡೆ, ಮೇಲೆ ಹಳದಿ ನೀರು. ಅವ್ರು ಮಾತೇ ಆಡ್ಲಿಲ್ಲ, ಪೈಪ್ ಸುತ್ಕೊಂಡು ಹೊರಟ್ರು. ಒಂದೇ ಎಮ್ಮೆ ಇಟ್ಕೊಂಡು ದಿನಾ ಎರಡು ಲೀಟರ್ ತರೋ ಅಮ್ಮ ಒಬ್ರು ಕ್ಯಾನ್ ಹಿಡ್ಕೊಂಡೇ ನಿಂತು ಕೇಳಿದ್ರು, ನಮ್ ಹಾಲು ಚೆನ್ನಾಗೇ ಇತ್ತಲ್ಲ ಮಾರಾಯ, ದುಡ್ಡು ಬತ್ತದಲ್ಲ ಅಂತ. ನಾನು ಬರುತ್ತೆ ಅಂದೆ. ಎಲ್ಲಿಂದ ಅಂತ ನೀವೇ ಹೇಳ್ಬೇಕು.

ಆಮೇಲೆ ನಾನೇ ಹಠ ಹಿಡಿದು ನಿಮ್ಮವರ ಹತ್ರ ಲಾಗ್ ತರಿಸ್ಕೊಂಡೆ. 9:41ಕ್ಕೆ ಅಲಾರಂ, ಸೈರನ್ನಿಗೆ ಸ್ವಿಚ್ಚಿನಂಗೆ ಇರೋ ರಿಲೇ ಆನ್. 9:43ಕ್ಕೆ ಅಕ್ನಾಲೆಜ್, ರಿಲೇ ಆಫ್, ಯೂಸರ್ ಹೆಸರು ಅಡ್ಮಿನ್. ಎರಡೇ ನಿಮಿಷ ಕೂಗಿದೆ, ತಗಡಿನ ಮಾಡಿನ ಮೇಲೆ ಆ ಮಳೆ ಬೀಳ್ತಿರೋವಾಗ ಎರಡು ನಿಮಿಷದ ಸೈರನ್ ಯಾರಿಗೆ ಕೇಳ್ಬೇಕು. ಅಡ್ಮಿನ್ ಅಂದ್ರೆ ಯಾರು ಅಂತ ನಾಲ್ಕು ಜನಕ್ಕೆ ಫೋನ್ ಮಾಡಿದೆ, ಕೊನೆಗೆ ಒಬ್ಬ ಹುಡುಗ ಪಾಪ ನಿಜ ಹೇಳ್ದ, ಮಳೆಗೆ ಎಲ್ಲಾ ಕಡೆಯಿಂದ ಮೂವತ್ತು ಚಿಲ್ಲರೆ ಅಲಾರಂ ಸ್ಕ್ರೀನಲ್ಲಿ ತುಂಬಿತ್ತು ಸರ್, ಸೆಲೆಕ್ಟ್ ಆಲ್ ಕೊಟ್ಟು ಒತ್ತಿಬಿಟ್ವಿ ಅಂತ. ಒತ್ತಿದ್ದು ಯಾರು ಅಂತ ಅವನಿಗೂ ಗೊತ್ತಿಲ್ಲ, ಯಾಕಂದ್ರೆ ನಿಮ್ಮ ಟೆಕ್ನಿಷಿಯನ್ನುಗಳೆಲ್ಲ ಅದೇ ಒಂದು ಅಡ್ಮಿನ್ ಐಡಿಯಲ್ಲಿ ಹೋಗೋದಂತೆ. ಅದರ ಪಾಸ್‌ವರ್ಡ್ ನಮ್ಮ ಬಾಕ್ಸಿನ ಪಕ್ಕದಲ್ಲಿ ಸ್ಟಿಕ್ಕರಲ್ಲೇ ಇದೆ, ಹಾಲು ಹಾಕೋಕೆ ಬಂದ ಮಕ್ಕಳೂ ಓದ್ಬಹುದು. ನಂಗೆ ಮಾತ್ರ ವ್ಯೂವರ್. ನನ್ನ ಡೈರಿ, ನನ್ನ ಹಾಲು, ನೋಡ್ಬಹುದು ಮುಟ್ಟೋ ಹಂಗಿಲ್ಲ. ಎಸ್ಎಂಎಸ್ ಹೋಗಿದ್ದು ಹೋದ ದೀಪಾವಳಿಗೇ ಕೆಲ್ಸ ಬಿಟ್ಟು ಬೆಂಗಳೂರು ಸೇರಿದ ಹಳೇ ಹುಡುಗನ ನಂಬರಿಗೆ. ನಮ್ಮ ಹಳೇ ಫೈಲಿಂದ ಆ ನಂಬರ್ ತಗೊಂಡಿದ್ದೇ ತಪ್ಪು, ಬದಲಾಯ್ಸಿ ಅಂತ ಏಪ್ರಿಲಿಂದ ಮೂರು ಸಲ ಹೇಳಿದ್ದೆ.

ಇನ್ನು 9:41ರ ಕಥೆ. ಹಾಲು ಅಲಾರಂ ಮಿತಿಯಾದ 7 ಡಿಗ್ರಿ ದಾಟಿದ್ದು ಸಂಜೆ 5:41ಕ್ಕೆ, ಅಲಾರಂ ಬಂದಿದ್ದು ಸರಿಯಾಗಿ ನಾಲ್ಕು ಗಂಟೆ ಬಿಟ್ಟು. ಮೊದಲು ಡಿಲೇ, ಅಂದ್ರೆ ಮಿತಿ ದಾಟಿದ ಮೇಲೆ ಅಲಾರಂ ಕಾಯೋ ಹೊತ್ತು, ಐದು ನಿಮಿಷ ಇತ್ತು, ಬಿಸಿ ಹಾಲು ಬಿದ್ದ ಕೂಡ್ಲೇ ಎರಡು ಹೊತ್ತೂ ಸೈರನ್ ಕೂಗ್ತಿತ್ತು, ಊರಲ್ಲಿ ಅದಕ್ಕೆ ಡೈರಿ ಕೋಳಿ ಅಂತ ಹೆಸ್ರೇ ಇಟ್ಟಿದ್ರು. ಸರಿ ಮಾಡಿ ಅಂದಿದ್ದಕ್ಕೆ ನಿಮ್ಮವರು ಅಲ್ಲೇ ಕೂತು 240 ನಿಮಿಷ ಮಾಡಿದ್ದಾರೆ, ನಮಗೆ ಒಂದ್ ಮಾತಿಲ್ಲ. ಕೋಳಿ ಸುಮ್ಮನಾಯ್ತು, ನಾವೂ ಖುಷಿಯಾದ್ವಿ, ಪೆದ್ದರು. ಹಾಲು ಹಾಕೋ ಹೊತ್ತಲ್ಲಿ ಟೆಂಪರೇಚರ್ ಏರೋದು ಸಹಜ, ಅದಕ್ಕೆ ಡಿಲೇ ಬೇಕು ಒಪ್ತೀನಿ, ಆದ್ರೆ ಕಂಪ್ರೆಸರ್ ನಿಂತಿದ್ದಕ್ಕೂ ಅದೇ ಡಿಲೇ ಯಾಕೆ? ಪ್ರಿವೆಂಟರಿಂದ ಎರಡು ವೈರ್ ಎಳೆದು ನಿಮ್ಮ ಬಾಕ್ಸಿನ ಇನ್‌ಪುಟ್ಟಿಗೆ ಕೊಟ್ಟು ಎರಡು ನಿಮಿಷದ ಡಿಲೇ ಇಟ್ಟಿದ್ರೆ 7:20ಕ್ಕೆ ಹೋದ ಫೇಸು ಏಳೂವರೆಯೊಳಗೆ ಗೊತ್ತಾಗ್ತಿತ್ತು. ಜನರೇಟರ್ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿದೆ ಸರ್, ಡೀಸೆಲ್ ಸಮೇತ.

ಇನ್ನೊಂದು ಹೇಳ್ಬೇಕು, ಇದು ಮೊನ್ನೆ ಗೊತ್ತಾಗಿದ್ದು. ಡಿಪ್ಲೊಮಾ ಓದೋ ನನ್ನ ಅಕ್ಕನ ಮಗ ಶಿವಮೊಗ್ಗದಿಂದ ಬಂದಿದ್ದ, ಬಾಕ್ಸಿನ ಪ್ಲಗ್ ಕಿತ್ತು ನೋಡು ಮಾವ ಅಂದ. ಕಿತ್ತೆ. ಸೈರನ್ ಉಸಿರೆತ್ಲಿಲ್ಲ. ನೀವು ಸೈರನ್ ಕೊಟ್ಟಿರೋದು ರಿಲೇಯ ಎನ್‌ಒಗೆ, ಅಂದ್ರೆ ರಿಲೇಗೆ ಕರೆಂಟ್ ಬಂದಾಗ ಮಾತ್ರ ಕೂಡೋ ತುದಿಗೆ, ಅದೂ ಬಾಕ್ಸಿನದೇ ಸಪ್ಲೈಯಿಂದ, ಬಾಕ್ಸ್ ಸತ್ರೆ ಸೈರನ್ನೂ ಸತ್ತಂಗೆ. ಅವನು ಹೇಳೋದು, ಎಲ್ಲಾ ಸರಿ ಇದ್ದಾಗ ರಿಲೇ ಎಳ್ಕೊಂಡೇ ಇರ್ಬೇಕು, ಸೈರನ್ ಎನ್‌ಸಿಯಲ್ಲಿ (ರಿಲೇಗೆ ಕರೆಂಟ್ ಹೋದಾಗ ಕೂಡೋ ತುದಿ) ಬೇರೆ ಬ್ಯಾಟರಿ ಜೊತೆ ಇರ್ಬೇಕು, ಆಗ ಕರೆಂಟ್ ಹೋಗ್ಲಿ ಬಾಕ್ಸ್ ಸುಟ್ಟೋಗ್ಲಿ, ರಿಲೇ ಬಿಟ್ಕೊಂಡು ಸೈರನ್ ತಾನಾಗೇ ಕೂಗುತ್ತೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೆ ಅಂತ ಮಲೆನಾಡಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ಇಲ್ಲಿಗೆ ಮಾರೋ ನಿಮಗೆ ಅದು ಹೊಳೀಲಿಲ್ವಾ.

ನಮಗೆ ಬೇಕಾಗಿರೋದು ಇಷ್ಟು. ಆ ಸ್ಟಿಕ್ಕರ್ ಪಾಸ್‌ವರ್ಡ್ ಇವತ್ತೇ ಬದಲಾಗ್ಬೇಕು, ಅಡ್ಮಿನ್ ನಮ್ಮ ಸೊಸೈಟಿ ಕೈಲಿರ್ಬೇಕು. ನಿಮ್ಮವರಿಗೆ ಒಬ್ಬೊಬ್ಬರಿಗೆ ಒಂದೊಂದು ಐಡಿ, ಅದೂ ನಾವು ತೆರೆದಾಗ ಮಾತ್ರ ತೆರೀಬೇಕು, ಡಿಲೇ ಮುಟ್ಟಿದ್ರೆ ನನ್ನ ಫೋನಿಗೆ ಮೆಸೇಜ್ ಬರ್ಬೇಕು. ಸಹಾಯಕನಿಗೆ ಅಕ್ನಾಲೆಜ್ ಮಾಡೋಷ್ಟು ಕೊಟ್ರೆ ಸಾಕು, ಸೆಟ್ಟಿಂಗ್ ಬೇಡ. ಸೈರನ್ ರಿಲೇನ ದೂರದಿಂದ ಯಾರೂ ಆಫ್ ಮಾಡೋ ಹಂಗಿರ್ಬಾರ್ದು, ಪ್ಯಾನೆಲ್ ಮುಂದೆ ಬಂದು ಬಟನ್ ಒತ್ತಿದ್ರೆ ಮಾತ್ರ ನಿಲ್ಬೇಕು, ಹಾಲು ಇನ್ನೂ ಬಿಸಿನೇ ಇದ್ರೆ ಹದಿನೈದು ನಿಮಿಷ ಬಿಟ್ಟು ಮತ್ತೆ ಕೂಗ್ಲಿ. ಊರವರು ಕೋಳಿ ಅಂತ ನಕ್ರೆ ನಗ್ಲಿ. ಇನ್ನು 612 ಲೀಟರಿಗೆ ಲೀಟರಿಗೆ 36 ರೂಪಾಯಿ ಹಾಗೆ 22,032 ರೂಪಾಯಿ ಆಗುತ್ತೆ, ಅದು ಬರೋ ತನಕ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಎರಡನೇ ಕಂತು ಕೊಡಲ್ಲ ಅಂತ ಕಮಿಟಿ ಬರೆದು ಸಹಿ ಹಾಕಿದೆ, ಕಾಪಿ ಜೊತೆಗಿದೆ. ಹದಿನೈದು ದಿನದಲ್ಲಿ ಉತ್ತರ ಬರ್ದಿದ್ರೆ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ.

ಜನ ಕಳಿಸೋದಾದ್ರೆ ಸಂಜೆ ಹಾಲು ಹಾಕೋ ಹೊತ್ತಿಗೆ ಕಳಿಸಿ. ಹೋದ ಸಲದ ಹಂಗೆ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಖಾಲಿ ಟ್ಯಾಂಕ್ ಫೋಟೋ ಹೊಡ್ಕೊಂಡು ರಿಪೋರ್ಟಿಗೆ ನನ್ನ ಸಹಿ ಕೇಳೋದು ಬೇಡ. ನನ್ನ ಕಣ್ಣೆದ್ರಿಗೆ ಒಂದು ಫೇಸ್ ಫ್ಯೂಸ್ ತೆಗೀತೀವಿ, ಆಮೇಲೆ ಬಾಕ್ಸಿನ ಪ್ಲಗ್ ಕೀಳ್ತೀವಿ, ಎರಡಕ್ಕೂ ಸೈರನ್ ಕೂಗಿದ್ರೆ ಅಲ್ಲೇ ಸಹಿ ಹಾಕ್ತೀನಿ. ಕೊನೇ ಬಸ್ ತಪ್ಪಿದ್ರೆ ನಮ್ಮನೇಲೇ ಉಳ್ಕೋಬಹುದು.

ಇಂತಿ,
ಸೆಕ್ರೆಟರಿ, ಹಾಲಿನ ಡೈರಿ
ತೀರ್ಥಹಳ್ಳಿ ತಾಲೂಕು, ಶಿವಮೊಗ್ಗ ಜಿಲ್ಲೆ