ಶಾಲಾ ಮೈದಾನ ಬಿಡಿ, ಹೆಲಿಪ್ಯಾಡಿಗೆ ಕಾಯಂ ಜಾಗ ಗೊತ್ತುಮಾಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಗಣ್ಯರ ಪ್ರವಾಸಪಟ್ಟಿ ಬಂದ ರಾತ್ರಿಯೇ ಶಾಲಾ ಮೈದಾನದಲ್ಲಿ ಸುಣ್ಣದ ವೃತ್ತ ಬೀಳುತ್ತದೆ. ಮರುದಿನ ಮಕ್ಕಳಿಗೆ ಅಘೋಷಿತ ರಜೆ. ಹೆಲಿಕಾಪ್ಟರ್ ಹಾರಿಹೋಗಿ ವಾರಗಳಾದರೂ ಖೋಖೋ ಅಂಕಣದಲ್ಲಿ ಜಲ್ಲಿ ಹಾಗೇ ಬಿದ್ದಿರುತ್ತದೆ. ಮನವಿ ಕೊಟ್ಟಾಗಲೆಲ್ಲ ಸಿಕ್ಕಿದ್ದು ಸ್ವೀಕೃತಿಯ ಮೊಹರು ಮಾತ್ರ. ಆದ್ದರಿಂದ ಈ ಪತ್ರ: ಮೈದಾನ ಬಿಡಿ, ಕಾಯಂ ಜಾಗ ಗೊತ್ತುಮಾಡಿ.

ನಿಯಮ ತಮಗೆ ನಾವು ಹೇಳಬೇಕಿಲ್ಲ. ರೆಕ್ಕೆ ತಿರುಗುವಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರಿನ ಒಟ್ಟು ಉದ್ದ ಸುಮಾರು 25 ಮೀಟರ್. ಅದರ ಒಂದೂವರೆ ಪಟ್ಟು, ಅಂದರೆ 38 ಮೀಟರ್ ಅಗಲದ ಅಡೆತಡೆಯಿಲ್ಲದ ಜಾಗ ಬೇಕು, ಸುತ್ತಲೂ ಸುರಕ್ಷತಾ ಪಟ್ಟಿ ಬೇರೆ. ಸುಣ್ಣ ಬಳಿಯುವವರು ಇಷ್ಟನ್ನು ಹೇಗೋ ಅಳೆಯುತ್ತಾರೆ. ತಲೆಯೆತ್ತಿ ನೋಡುವುದಿಲ್ಲ. ಹೆಲಿಕಾಪ್ಟರ್ ಇಳಿದುಬರುವ ದಾರಿಗೆ 4.5 ಶೇಕಡಾ ಇಳಿಜಾರಿನ ಲೆಕ್ಕ ಹಿಡಿದರೆ, ಅಂಚಿನಿಂದ 100 ಮೀಟರ್ ದೂರದಲ್ಲಿ ಆ ದಾರಿಗೆ ಅಡ್ಡವಾಗಿ 4.5 ಮೀಟರಿಗಿಂತ ಎತ್ತರದ್ದೇನೂ ಇರಕೂಡದು. ಶಾಲೆಯ ಪಕ್ಕದ ಸಾಮಾನ್ಯ ವಿದ್ಯುತ್ ಕಂಬವೇ ಅದಕ್ಕಿಂತ ಎತ್ತರ! ತಂತಿಯಂತೂ ಮೇಲಿನಿಂದ ಪೈಲಟ್ ಕಣ್ಣಿಗೆ ಬೀಳುವುದೇ ಕಷ್ಟ.

ಇನ್ನು ಕಾಂಕ್ರೀಟಿನ ಪ್ರತಾಪ. 2025ರ ಅಕ್ಟೋಬರ್ 22ರಂದು ಕೇರಳದ ಪ್ರಮಾದಂ ಕ್ರೀಡಾಂಗಣದಲ್ಲಿ ರಾಷ್ಟ್ರಪತಿಗಳ ಹೆಲಿಕಾಪ್ಟರ್ ಇಳಿದಾಗ ಹೊಸ ಕಾಂಕ್ರೀಟಿನಲ್ಲಿ ಚಕ್ರಗಳು ಹೂತವು. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಸೇರಿ ಅದನ್ನು ಕೈಯಿಂದಲೇ ತಳ್ಳಿದರು, ಬ್ಯಾಟರಿ ಕೈಕೊಟ್ಟ ಜೀಪನ್ನು ತಳ್ಳಿದಂತೆ. ಕಾಂಕ್ರೀಟಿನ ಬಲ ಅಳೆಯುವುದೇ 28 ದಿನ ನೀರುಣಿಸಿದ ಮೇಲೆ. 7 ದಿನಕ್ಕೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ರಾತ್ರಿ ಸುರಿದು ಬೆಳಿಗ್ಗೆ 10-12 ಟನ್ ಭಾರವನ್ನು ಚಕ್ರಗಳ ಮೇಲೆ ಕೂರಿಸಿದರೆ ಹೂಳದೆ ಇನ್ನೇನು? ರಾಷ್ಟ್ರಪತಿಗಳ ಪಾಡೇ ಹೀಗಾದರೆ, ತಾಲ್ಲೂಕು ಮಟ್ಟದ ಗುತ್ತಿಗೆದಾರನನ್ನು ಕೇಳುವವರು ಯಾರು?

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯಲು ಹೋದಾಗ ಪ್ಲಾಸ್ಟಿಕ್ ಹಾಳೆಗಳು ಹಾರಾಡಿ, ಪೈಲಟ್ ಮತ್ತೆ ಮೇಲೇರಬೇಕಾಯಿತು. ಹಾಳೆಯೊಂದು ಎಂಜಿನ್ನಿನ ಗಾಳಿಬಾಯಿಗೆ ಅಂಟಿದರೆ ಸಾಕು. ಮೈದಾನದ ಧೂಳೂ ಅಷ್ಟೇ ಕೆಟ್ಟದ್ದು: ಎದ್ದಾಗ ನೆಲವೆಲ್ಲಿ, ಆಕಾಶವೆಲ್ಲಿ ಎಂದು ತಿಳಿಯುವುದಿಲ್ಲ. ಅದಕ್ಕೇ ಹಿಂದಿನ ದಿನ ಒಮ್ಮೆ, ಇಳಿಯುವ ಮುನ್ನ ಇನ್ನೊಮ್ಮೆ ಟ್ಯಾಂಕರಿನಿಂದ ನೀರು ಚಿಮುಕಿಸಬೇಕು. ನಮ್ಮಲ್ಲಿ ಹುಡುಗರ ಕೈಗೆ ಕೊಳವೆ ಕೊಟ್ಟು ಕೆಸರುಗದ್ದೆ ಮಾಡುತ್ತಾರೆ. ಚಕ್ರ ಹೂಳಲು ಅದೂ ಸಾಕು.

ಕಾಯಂ ಜಾಗ ಗೊತ್ತುಮಾಡಿ. ಊರ ಹೊರಗೆ, ಎರಡು ಕಡೆಯಿಂದ ಬಂದುಹೋಗಲು ಬಯಲಿರುವ ಜಾಗ. ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್, ಅಗ್ನಿಶಾಮಕ ವಾಹನ ಬರುವ ರಸ್ತೆ, ತಂತಿಬೇಲಿ, ಚೆನ್ನಾಗಿ ನೀರುಂಡ ಕಾಂಕ್ರೀಟು. ಅಲ್ಲಿಯವರೆಗೆ ಶಾಲಾ ಮೈದಾನ ಬಳಸುವುದಿಲ್ಲವೆಂದು ಲಿಖಿತ ಆದೇಶ ಹೊರಡಿಸಿ. ಜೊತೆಗೆ, ಕಳೆದ ಸಲದ ಜಲ್ಲಿಯನ್ನೂ ತೆಗೆಸಿ.

ಇತಿ,
ಮೈದಾನದ ಪಕ್ಕದ ನಾಗರಿಕರು